ಗೇಟಿನಾಚೆಯ ಮೂರು ಗಜ

ಮುಂಬಯಿಯ ಮಳೆಗಾಲವು ಎರಡು ತಿಂಗಳು ಮೊದಲೇ ನಮ್ಮ ಮೂಗಿಗೆ ತಿಳಿಯುತ್ತದೆ. ನಾಲಾಗಳಿಂದ ಎತ್ತಿದ ಹೂಳು ದಂಡೆಯ ಮೇಲೆ ಒಣಗುತ್ತಿರುತ್ತದೆ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಾವು ಲೋಕಲ್ ಗಾಡಿ ಹಿಡಿಯುತ್ತೇವೆ.

ಮಾಟುಂಗ ನಮಗೆಲ್ಲ ತೌರಿದ್ದಂತೆ. ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ ಎರಡೂ ಅಲ್ಲಿವೆ. ಆದರೆ ಜಡಿಮಳೆಯೂ ಭರತಿಯೂ ಕೂಡಿ ಬಂದರೆ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ನಾಟಕಕ್ಕೆ ಹೊರಟವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುವುದನ್ನು ವಾಚಕರೂ ಕಂಡಿರಬಹುದು.

ಬ್ರಿಟಿಷರ ಕಾಲದ ಮಳೆಗಟಾರಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು ಸಾಗಿಸಲೆಂದು ಕಟ್ಟಿದವು. ಅದೂ ಕಡಲು ಇಳಿದಿರುವಾಗ. ಅವು ಕಡಲು ಸೇರುವ ಬಾಯಿಗಳಲ್ಲಿ ಹೆಚ್ಚಿನವು ಭರತಿಯ ಮಟ್ಟಕ್ಕಿಂತ ಕೆಳಗಿವೆ. ಈ ಸಾಮರ್ಥ್ಯವನ್ನು 50 ಮಿಲಿಮೀಟರಿಗೆ ಏರಿಸಬೇಕೆಂದು 1993ರಲ್ಲಿಯೇ ವರದಿ ಬಂದಿತ್ತು. ವರದಿಗಳು ಕಪಾಟಿನಲ್ಲಿ ಎಷ್ಟು ಸುಖವಾಗಿರುತ್ತವೆಂಬುದು ಗುಮಾಸ್ತರಾದ ನಮಗೆ ಗೊತ್ತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಮೇಲೆ ಕೆಲಸಕ್ಕೆ ವೇಗ ಬಂತು. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್ ಮೊದಲಾದೆಡೆ ನೀರನ್ನೆತ್ತಿ ಕಡಲಿಗೆ ದಬ್ಬುವ ಪಂಪುಗಳು ಬಂದವು.

ಇದು ಊರ ಗಟಾರದ ಮಾತಾಯಿತು. ಗೇಟಿನೊಳಗಿನದು ಸೊಸೈಟಿಯದು. ತಾರಸಿಯ ಕೊಳವೆ, ಕಾಂಪೌಂಡಿನ ಗಟಾರ, ಜಾಳಿ, ಚೇಂಬರು ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು. ಬಣ್ಣ ಹೊಡೆಸುವುದಕ್ಕೆ ಚಂದಾ ಕೂಡುತ್ತದೆ, ಗಟಾರಕ್ಕೆ ಕೂಡದು. ತೆಂಗಿನ ನಾರು, ಪೂಜೆಯ ಹೂವು, ಹಾಲಿನ ಚೀಲ ಇವನ್ನಾದರೂ ಕೈಯಿಂದ ತೆಗೆಯಬಹುದು. ಹೊಸ ಟೈಲ್ಸ್ ಹಾಕಿಸುವವರು ತೊಳೆದುಬಿಡುವ ಸಿಮೆಂಟು ಮಾತ್ರ ಕಲ್ಲಾಗಿ ಕೂರುತ್ತದೆ.

ಕಳೆದ ವರ್ಷ ಮೇ ತಿಂಗಳಲ್ಲಿ ನಮ್ಮ ಸೊಸೈಟಿ ಒಳಗಿನದನ್ನೆಲ್ಲ ಶುಚಿ ಮಾಡಿಸಿತು. ರಸ್ತೆಯ ಗಟಾರವೂ ಶುಚಿಯಾಗಿತ್ತು. ಆದರೂ ಮೊದಲ ಮಳೆಗೆ ಅಂಗಳ ಕೆರೆಯಾಯಿತು! ಕಾಲುದಾರಿಯ ಕೆಳಗೆ ಇವೆರಡನ್ನೂ ಜೋಡಿಸುವ ಮೂರು ಗಜದ ಕೊಳವೆ ಕಟ್ಟಿಕೊಂಡಿತ್ತು. ಅದು ಊರಿನದೆಂದು ಕಮಿಟಿ, ಸೊಸೈಟಿಯದೆಂದು ಅವರು. ಪತ್ರಗಳು ಓಡಾಡಿದವು.

"ಪತ್ತನಾಜೆಗೆ ಮೊದಲು ತೋಟದ ಕಣಿ ಬಿಡಿಸಲು ನಾವು ಯಾರಿಗೂ ಅರ್ಜಿ ಹಾಕಿದ್ದಿಲ್ಲ ಮಾರಾಯ್ರೇ," ಎಂದರು ಪುತ್ತೂರು ಕಡೆಯ ನೆರೆಮನೆಯ ಹಿರಿಯರು. ಅವರೇ ಮನೆಮನೆಗೆ ಹೋಗಿ ಹಣ ಕೂಡಿಸಿದರು. ಕಚೇರಿಯ ಒಪ್ಪಿಗೆ ಪಡೆದು ಕೊಳವೆಯನ್ನು ಬಿಡಿಸಿದ್ದಾಯಿತು. ಹನ್ನೊಂದು ಬುಟ್ಟಿ ಹೂಳು, ಜೊತೆಗೊಂದು ಸ್ಟೀಲಿನ ಸೌಟು ಹೊರಬಂತು. ಸೌಟು ತಮ್ಮದೆಂದು ಇದುವರೆಗೆ ಯಾರೂ ಒಪ್ಪಿಲ್ಲ. ಕಾವಲುಗಾರನ ಮೇಜಿನ ಮೇಲಿದೆ.