ಮುನ್ನೂರು ಎಕರೆಯ ಹಕ್ಕಿ

ನೈರೋಬಿಗೆ ಕೆಲಸಕ್ಕೆ ಬಂದು ಎಂಟು ತಿಂಗಳು. ಸಿಂಹ, ಜಿರಾಫೆ, ಆನೆ ಎಲ್ಲ ನೋಡಿ ಸ್ಟೇಟಸ್ ಹಾಕಿ ಆಗಿತ್ತು. ಹಾಗಾಗಿ ಮೂರು ದಿನ ರಜೆ ಸಿಕ್ಕಾಗ "ಒಂದು ಹಕ್ಕಿ ನೋಡೋಕೆ ಹೋಗ್ತಿದ್ದೀನಿ" ಅಂದದ್ದಕ್ಕೆ ರೂಮ್‌ಮೇಟ್ ನಕ್ಕುಬಿಟ್ಟ.

ಆ ಹಕ್ಕಿ ತೈತಾ ಥ್ರಷ್. ಜಗತ್ತಿನಲ್ಲಿ ಅದು ಇರೋದು ಕೀನ್ಯಾದ ತೈತಾ ಬೆಟ್ಟಗಳಲ್ಲಿ ಮಾತ್ರ. ಅಲ್ಲೂ ಬೆಟ್ಟದ ನೆತ್ತಿಯಲ್ಲಿ ಉಳಿದಿರುವ ಕೆಲವೇ ಕಾಡಿನ ತುಂಡುಗಳಲ್ಲಿ.

ನೈರೋಬಿಯಿಂದ ವೋಯಿವರೆಗೆ ರೈಲು. ಬ್ರಿಟಿಷರು 1896ರಲ್ಲಿ ಈ ದಾರಿಯಲ್ಲಿ ಹಳಿ ಹಾಕಲು ಶುರು ಮಾಡಿದಾಗ ಭಾರತದಿಂದ ಸಾವಿರಾರು ಕೂಲಿಗಳನ್ನು ಹಡಗಿನಲ್ಲಿ ತಂದಿದ್ದರು. ವೋಯಿಯಲ್ಲಿ ಇಳಿದರೆ ಕೆಂಪು ಮಣ್ಣು, ಮುಳ್ಳುಕಂಟಿ, ಸುಡುಬಿಸಿಲು. ಅಲ್ಲಿಂದ ಮಟಾಟು, ಅಂದ್ರೆ ಇಲ್ಲಿನ ಟೆಂಪೋ, ಹಿಡಿದು ವುಂಡಾನ್ಯಿ ಕಡೆ ತಿರುವು ಹತ್ತುತ್ತಾ ಹೋದ ಹಾಗೆ ಗಾಳಿ ತಣ್ಣಗಾಯ್ತು. ಹಿಂದೂ ಮಹಾಸಾಗರದ ತೇವದ ಗಾಳಿ ಈ ಬೆಟ್ಟಗಳಿಗೆ ತಾಗಿ ಮಂಜಾಗುತ್ತದೆ. ಇಳಿಜಾರಿನ ತುಂಬ ಬಾಳೆ, ಮೆಕ್ಕೆಜೋಳ. ಕಣ್ಣು ಮುಚ್ಚಿ ಬಿಟ್ಟರೆ ನಮ್ಮ ಮೂಡಿಗೆರೆಯೇ.

ಬೆಳಗ್ಗೆ ಆರಕ್ಕೆ ನ್ಗಂಗಾವೊ ಕಾಡಿನ ಬಾಯಲ್ಲಿ ಗೈಡ್ ಕಾಯ್ತಿದ್ದರು. ಪಕ್ಕದ ಹಳ್ಳಿಯವರು, ಅರವತ್ತರ ಹತ್ತಿರದ ವಯಸ್ಸು. ಇಡೀ ಕಾಡು ಸುಮಾರು 120 ಹೆಕ್ಟೇರ್, ಅಂದ್ರೆ ಮುನ್ನೂರು ಎಕರೆ. ನಮ್ಮ ಕಡೆ ಒಂದು ದೊಡ್ಡ ಎಸ್ಟೇಟ್ ಅಷ್ಟಿರುತ್ತೆ!

ಒಂದು ಗಂಟೆ ನಡೆದರೂ ಹಕ್ಕಿಯ ಸುಳಿವಿಲ್ಲ. ನಾನು ಮೊಬೈಲ್ ತೆಗೆದು, ಡೌನ್‌ಲೋಡ್ ಮಾಡಿಕೊಂಡಿದ್ದ ಅದರ ಕೂಗನ್ನು ಸ್ಪೀಕರಿನಲ್ಲಿ ಹಾಕಲು ಹೊರಟೆ. ಅವರು ಕೈ ಅಡ್ಡ ಹಿಡಿದರು.

"ಬೇರೆ ಹಕ್ಕಿ ಮನೆಗೆ ನುಗ್ಗಿತು ಅಂತ ಅದು ಮರಿ ಬಿಟ್ಟು ಜಗಳಕ್ಕೆ ಬರುತ್ತೆ. ಇರೋದೇ ಸ್ವಲ್ಪ. ಪೋಲೆ ಪೋಲೆ."

ಪೋಲೆ ಪೋಲೆ ಅಂದ್ರೆ ಸ್ವಾಹಿಲಿಯಲ್ಲಿ ನಿಧಾನ, ನಿಧಾನ. ನಾಚಿಕೆಯಾಗಿ ಮೊಬೈಲ್ ಜೇಬಿಗೆ ಹಾಕಿ ಕೂತೆ.

ಮೊದಲು ಕೇಳಿದ್ದು ತರಗೆಲೆಯ ಸದ್ದು. ಆಮೇಲೆ ನೆರಳೇ ಎದ್ದು ಕುಪ್ಪಳಿಸಿದ ಹಾಗೆ ಅದು ಬಂತು. ಕಡುಗಪ್ಪು ತಲೆ, ಕಪ್ಪು ಎದೆ, ಬಿಳಿ ಹೊಟ್ಟೆ, ಪಕ್ಕೆಗಳಲ್ಲಿ ಇಟ್ಟಿಗೆ ಬಣ್ಣ, ಕಿತ್ತಳೆ ಕೊಕ್ಕು. ಎಲೆ ಮಗುಚಿತು, ಹುಳ ಹೆಕ್ಕಿತು, ಪೊದೆಗೆ ನುಗ್ಗಿತು. ಒಳಗಿನಿಂದ ನಾಲ್ಕೈದು ಸ್ವರ ಹಾಡಿ ಸುಮ್ಮನಾಯಿತು. ಫೋಟೋ? ತೆಗೆಯೋಕೇ ನೆನಪಾಗಲಿಲ್ಲ.

ಕಾಡಿನ ಅಂಚಿಗೆ ಬಂದಾಗ ಗೈಡ್ ಎದುರಿನ ಬೆಟ್ಟಗಳನ್ನು ತೋರಿಸಿದರು. ಅಲ್ಲೊಂದು, ಇಲ್ಲೊಂದು ಕಾಡಿನ ತುಂಡು. ನಡುವೆ ಹೊಲ, ಮನೆ, ಪೈನ್, ನೀಲಗಿರಿ ತೋಪು. ಅವೂ ಹಸಿರೇ. ಆದರೆ ಈ ಹಕ್ಕಿಗೆ ಬೇಕಿರೋದು ಹಳೇ ಮರದ ನೆರಳು, ಅದರಡಿಯ ಒದ್ದೆ ತರಗೆಲೆ. ಬಯಲು ದಾಟಿ ಪಕ್ಕದ ಕಾಡಿಗೆ ಹೋಗೋದು ಅಪರೂಪ. ಚಾವಿಯಾ ಅನ್ನುವ ಹೆಚ್ಚು ಹಾಳಾದ ತುಂಡಿನಲ್ಲಿ ವಿಜ್ಞಾನಿಗಳು ಈ ಹಕ್ಕಿಗಳ ಕಾಲು ಅಳೆದಾಗ, ಎಡಗಾಲಿಗೂ ಬಲಗಾಲಿಗೂ ವ್ಯತ್ಯಾಸ ಬೇರೆ ಕಡೆಗಿಂತ ಜಾಸ್ತಿ ಇತ್ತಂತೆ. ಕಾಡಿನ ಕಷ್ಟ ಹಕ್ಕಿಯ ಮೂಳೆಯಲ್ಲೇ ಬರೆದಿತ್ತು.

ಅಷ್ಟು ಹೊತ್ತಿಗೆ ನನಗೆ ಹೊಟ್ಟೆಯಲ್ಲಿ ಕಸಿವಿಸಿ. ಯಾಕಂದ್ರೆ ಹಿಂದಿನ ವಾರವಷ್ಟೇ ಅಪ್ಪ ಫೋನ್ ಮಾಡಿ, ತೋಟದ ಮೇಲ್ಭಾಗದ ಅತ್ತಿ, ನಂದಿ, ಹಲಸು ತೆಗೆಸಿ ಸಿಲ್ವರ್ ಓಕ್ ಹಾಕೋಣವಾ ಅಂತ ಕೇಳಿದ್ದರು. ಸಿಲ್ವರ್ ಓಕ್ ಬೇಗ ಬೆಳೆಯುತ್ತೆ, ಮೆಣಸಿನ ಬಳ್ಳಿ ಹಬ್ಬಿಸಬಹುದು. ನಾನು ಮೀಟಿಂಗ್ ಮಧ್ಯೆ "ನಿಮಗೆ ಹೇಗನ್ಸುತ್ತೋ ಹಾಗೆ ಮಾಡಿ" ಅಂದು ಇಟ್ಟಿದ್ದೆ.

ವುಂಡಾನ್ಯಿಯಲ್ಲಿ ನೆಟ್‌ವರ್ಕ್ ಬಂದ ಕೂಡಲೇ ಫೋನ್ ಮಾಡಿದೆ.

"ಅಪ್ಪಾ, ಮೇಲಿನ ಮರ ಕಡಿಸಿದ್ರಾ?"

"ಇಲ್ಲ ಮಗಾ, ಆಳು ಸಿಕ್ಕಿಲ್ಲ. ಯಾಕೆ?"

"ನಾನು ಊರಿಗೆ ಬರೋ ತನಕ ತಡೀರಿ."

"ಸಾಲದ ಕಂತು ತಡೀತದಾ?" ಅಂತ ನಕ್ಕರು. ಅದೂ ನಿಜವೇ. ಆ ತಿಂಗಳಿಂದ ಕಂತಿನ ಅರ್ಧ ನಾನು ಕಳಿಸ್ತಿದ್ದೀನಿ. ಮರಗಳು ಸದ್ಯಕ್ಕೆ ನಿಂತಿವೆ.

ಮೊನ್ನೆ ಅಪ್ಪ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು. ಮಾತಿಲ್ಲ. ಬೆಳಗಿನ ತೋಟದಲ್ಲಿ ಮಡಿವಾಳ ಹಕ್ಕಿ ಹಾಡ್ತಿತ್ತು, ಅಷ್ಟೇ.