ನೋ-ಡ್ಯೂ ಫಾರ್ಮಿನಲ್ಲಿ ಇಲ್ಲದ ಒಂದು ಬಾಕಿ

ಫೈನಲ್ ಇಯರ್ ಮುಗಿಯುತ್ತಿದ್ದಂತೆ ಎಲ್ಲರ ಕೈಯಲ್ಲೂ ಒಂದು ನೋ-ಡ್ಯೂ ಫಾರ್ಮ್ ಇರುತ್ತೆ. ಲೈಬ್ರರಿ, ವರ್ಕ್‌ಶಾಪ್, ಮೆಸ್, ಸ್ಪೋರ್ಟ್ಸ್ ರೂಮ್ ಅಂತ ಸಹಿಗೆ ಅಲೆಯಬೇಕು. ಪಡೆದದ್ದನ್ನೆಲ್ಲ ವಾಪಸ್ ಕೊಟ್ಟು ಹೋಗಬೇಕು. ಆದರೆ ಆ ಫಾರ್ಮಿನಲ್ಲಿ ಕಾಲಮ್ಮೇ ಇಲ್ಲದ ಒಂದು ವಸ್ತುವನ್ನೂ ನಾವು ಬಿಟ್ಟು ಹೋಗ್ತೀವಿ: ನಾಲ್ಕು ವರ್ಷ ನಿದ್ದೆಗೆಟ್ಟು ಬಳಸಿದ ಡಿಸೈನ್ ಸಾಫ್ಟ್‌ವೇರ್.

ಆಟೋಕ್ಯಾಡ್, ಫ್ಯೂಷನ್ ಮುಂತಾದವು ವಿದ್ಯಾರ್ಥಿಗಳಿಗೆ ಪುಕ್ಕಟೆ ಸಿಗುತ್ತವೆ, ನಿಜ. ಆದರೆ ಒಂದೊಂದೇ ವರ್ಷಕ್ಕೆ. ಪ್ರತಿ ವರ್ಷ "ನಾವಿನ್ನೂ ಓದ್ತಾ ಇದ್ದೀವಿ" ಅಂತ ತೋರಿಸಿ ನವೀಕರಿಸಿಕೊಳ್ಳಬೇಕು. ಡಿಗ್ರಿ ಕೈಗೆ ಬಂದ ಮೇಲೆ ಹಾಗೆ ತೋರಿಸೋಕೆ ಏನೂ ಇರಲ್ಲ. ಆಮೇಲೆ ನಮ್ಮದೇ ಡ್ರಾಯಿಂಗ್ ತಿದ್ದಬೇಕೆಂದರೂ ಚಂದಾ ಕಟ್ಟಬೇಕು.

ಮೊದಲು ಹೀಗಿರಲಿಲ್ಲ. ಒಮ್ಮೆ ದುಡ್ಡು ಕೊಟ್ಟರೆ ಒಂದು ಸೀರಿಯಲ್ ನಂಬರ್ ಸಿಗುತ್ತಿತ್ತು. ಹೊಸ ಆವೃತ್ತಿ ಬೇಕಾದರೆ ಮತ್ತೆ ಕೊಳ್ಳಬಹುದು, ಬೇಡವಾದರೆ ಹಳೆಯದರಲ್ಲೇ ಕೆಲಸ ಸಾಗಿಸಬಹುದು. 2013ರ ಮೇನಲ್ಲಿ ಅಡೋಬಿ ಕಂಪನಿ ಇನ್ನು ಮುಂದಿನ ಆವೃತ್ತಿಗಳೆಲ್ಲ ಚಂದಾ ಲೆಕ್ಕದಲ್ಲೇ ಅಂತ ಘೋಷಿಸಿತು. 2012ರ ಸಿಎಸ್6, ಆ ಸರಣಿಯಲ್ಲಿ ಒಮ್ಮೆಲೇ ಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿಯಾಯಿತು. 2016ರಲ್ಲಿ ಆಟೋಡೆಸ್ಕ್ ಕೂಡ ಆಟೋಕ್ಯಾಡ್ ಸೇರಿದಂತೆ ತನ್ನ ಬಹುತೇಕ ಸಾಫ್ಟ್‌ವೇರುಗಳ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು. ನಾವು ಹೈಸ್ಕೂಲು ಮುಗಿಸುವ ಮೊದಲೇ, ನಾವು ಮುಂದೆ ಕಲಿಯಲಿದ್ದ ಸಲಕರಣೆಗಳು ಬಾಡಿಗೆಗೆ ಹೋಗಿಬಿಟ್ಟಿದ್ದವು.

ಇದರ ಬಗ್ಗೆ ನಮ್ಮ ಪ್ರಾಜೆಕ್ಟ್ ಗುಂಪಿನಲ್ಲೇ ಎರಡು ಪಕ್ಷ. ಒಂದು ಪಕ್ಷದ ವಾದ: ಬಾಡಿಗೆ ಕೆಟ್ಟದ್ದೇನಲ್ಲ. ಹೊಸದಾಗಿ ಕೆಲಸ ಶುರು ಮಾಡುವವರ ಹತ್ತಿರ ಒಮ್ಮೆಲೇ ದೊಡ್ಡ ಮೊತ್ತ ಎಲ್ಲಿಂದ ಬರಬೇಕು? ಮೂರು ತಿಂಗಳ ಕೆಲಸ ಸಿಕ್ಕಿದರೆ ಮೂರು ತಿಂಗಳ ಚಂದಾ ಕಟ್ಟಿ, ಆ ಖರ್ಚನ್ನು ಬಿಲ್ಲಿಗೆ ಸೇರಿಸಿದರಾಯಿತು. ಬಗ್‌ಗಳು ಸರಿಯಾಗುತ್ತಾ ಇರುತ್ತವೆ. ಎಲ್ಲರ ಹತ್ತಿರ ಒಂದೇ ಆವೃತ್ತಿ ಇದ್ದರೆ "ನಿಮ್ಮ ಫೈಲು ನಮ್ಮಲ್ಲಿ ಓಪನ್ ಆಗ್ತಿಲ್ಲ" ಅನ್ನೋ ಗೋಳೂ ಇಲ್ಲ. ಸಾಫ್ಟ್‌ವೇರ್ ಬರೆಯುವವರಿಗೂ ತಿಂಗಳು ತಿಂಗಳು ಸಂಬಳ ಆಗಬೇಕಲ್ವಾ? ನಾಳೆ ಆ ಕೆಲಸಕ್ಕೆ ಸೇರುವವರು ನಮ್ಮಲ್ಲೇ ಇದ್ದಾರೆ.

ಇನ್ನೊಂದು ಪಕ್ಷಕ್ಕೆ ಬಲ ಬಂದದ್ದು ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ. ನಮ್ಮ ಪ್ರಾಜೆಕ್ಟು ಶೇಂಗಾ ಸುಲಿಯುವ ಯಂತ್ರ. ಅದರ ಫ್ರೇಮು, ಜರಡಿ ಮಾಡಿಸೋಕೆ ಅಲ್ಲಿಗೆ ಹೋಗ್ತಿದ್ದೆವು. ಶೆಡ್ಡಿನ ಮಾಲೀಕರನ್ನು ನಾವೆಲ್ಲ ಕಾಕಾ ಅಂತಲೇ ಕರೀತಿದ್ವಿ. ಮೂಲೆಯಲ್ಲಿ ಧೂಳು ಹಿಡಿದ ಒಂದು ಕಂಪ್ಯೂಟರ್, ಅದರಲ್ಲಿ ಹಳೇ ಕ್ಯಾಡ್ ಸಾಫ್ಟ್‌ವೇರ್. ಇಂಟರ್ನೆಟ್ ಇಲ್ಲ. ನಾವು ಚಂದಾ ವಿಷಯ ತೆಗೆದಾಗ ಕಾಕಾ ನಕ್ಕರು. "ಒಮ್ಮೆ ರೊಕ್ಕ ಕೊಟ್ಟೆ, ಮುಗೀತು ನೋಡ್ರೆಪಾ. ಲೇತ್ ತಗೊಂಡಂಗ ಇದನ್ನೂ ತಗೊಂಡೀನಿ. ಕೆಲಸ ಇಲ್ಲದ ತಿಂಗಳ ಲೇತ್ ಬಂದು ಬಾಡಿಗಿ ಕೇಳಂಗಿಲ್ಲ."

ಈ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಣ್ಣ ಶೆಡ್ಡಿಗೆ ಆರ್ಡರ್ ಬರುವುದು ಸೀಸನ್ ನೋಡಿಕೊಂಡು. ಚಂದಾ ಬರುವುದು ಕ್ಯಾಲೆಂಡರ್ ನೋಡಿಕೊಂಡು.

ಆದರೆ ಕಾಕಾ ನೆಮ್ಮದಿಯೂ ಪೂರ್ತಿ ಅಲ್ಲ. ಗಿರಾಕಿಗಳು ಹೊಸ ಆವೃತ್ತಿಯ ಫೈಲು ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಅದು ತೆರೆಯೋದಿಲ್ಲ. ಹಾರ್ಡ್ ಡಿಸ್ಕ್ ಕೈಕೊಟ್ಟರೆ ಮತ್ತೆ ಆಕ್ಟಿವೇಶನ್ ಆಗುತ್ತೋ ಇಲ್ಲವೋ ಅನ್ನೋ ಭಯ ಬೇರೆ. ಲೇತ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ನಾವು "ಸ್ವಂತದ್ದು" ಅಂತ ಕೊಳ್ಳುವುದು ಸಾಫ್ಟ್‌ವೇರನ್ನಲ್ಲ, ಅದನ್ನು ಬಳಸುವ ಪರವಾನಗಿಯನ್ನು. ಅಡೋಬಿ ತನ್ನ ಹಳೆಯ ಸಿಎಸ್2ರ ಆಕ್ಟಿವೇಶನ್ ಸರ್ವರ್ ನಿಲ್ಲಿಸಿದಾಗ, ದುಡ್ಡು ಕೊಟ್ಟು ಕೊಂಡವರಿಗೋಸ್ಕರ ಆಕ್ಟಿವೇಶನ್ ಬೇಡದ ಪ್ರತಿಯನ್ನು 2013ರಲ್ಲಿ ಪ್ರತ್ಯೇಕವಾಗಿ ಕೊಡಬೇಕಾಯಿತು. ಅವರು ಕೊಟ್ಟರು. ಎಲ್ಲ ಕಂಪನಿಗಳೂ ಕೊಡಲೇಬೇಕು ಅಂತೇನಿಲ್ಲ.

ಬಾಡಿಗೆಯಲ್ಲಿ ಈ ಅಪಾಯ ಇನ್ನೂ ಹತ್ತಿರ. 2019ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರದ ಆದೇಶದಿಂದಾಗಿ ವೆನೆಜುವೆಲಾದ ಎಲ್ಲ ಖಾತೆಗಳನ್ನೂ ನಿಷ್ಕ್ರಿಯಗೊಳಿಸ್ತೀವಿ ಅಂತ ಅಡೋಬಿ ಹೇಳಿತ್ತು. ತಿಂಗಳ ಕೊನೆಗೆ ಸರ್ಕಾರದ ಅನುಮತಿ ಸಿಕ್ಕು ಸೇವೆ ಮುಂದುವರಿಯಿತು. ಆದರೆ ಆ ಕೆಲವು ವಾರ ಅಲ್ಲಿನ ಡಿಸೈನರ್‌ಗಳ ಜೀವ ಕೈಯಲ್ಲಿತ್ತು. 2020ರಲ್ಲಿ ಫ್ಯೂಷನ್ 360ರ ಉಚಿತ ವೈಯಕ್ತಿಕ ಆವೃತ್ತಿಗೆ, ತಿದ್ದಬಹುದಾದ ಫೈಲು ಒಮ್ಮೆಗೆ ಹತ್ತೇ ಅನ್ನುವ ಮಿತಿ ಬಂತು. ಸ್ಟೆಪ್ ಎಕ್ಸ್‌ಪೋರ್ಟನ್ನೂ ತೆಗೆಯಲು ಹೊರಟಿದ್ದರು. ಬಳಕೆದಾರರು ಗಲಾಟೆ ಮಾಡಿದ ಮೇಲೆ ಅದನ್ನು ಉಳಿಸಿದರು.

ಇಸಿ ವಿಭಾಗದವರಿಗೆ ಈಗಲ್ ಕಥೆ ಗೊತ್ತಿರುತ್ತೆ. ಪಿಸಿಬಿ ಡಿಸೈನ್ ಅಂದರೆ ಈಗಲ್ ಅನ್ನುವ ಕಾಲ ಇತ್ತು. 2016ರಲ್ಲಿ ಅದನ್ನು ಆಟೋಡೆಸ್ಕ್ ಕೊಂಡಿತು, 2017ರಲ್ಲಿ ಚಂದಾ ಪದ್ಧತಿಗೆ ತಂದಿತು. 2026ರ ಜೂನ್ 7ರ ನಂತರ ಮಾರಾಟವೂ ಇಲ್ಲ, ಸಪೋರ್ಟೂ ಇಲ್ಲ ಅಂತ 2023ರಲ್ಲಿ ಹೇಳಿತು. ಹತ್ತು ವರ್ಷದೊಳಗೆ ಸ್ವಂತ ಮನೆ ಬಾಡಿಗೆ ಮನೆಯಾಗಿ, ಬಾಡಿಗೆ ಮನೆ ಕೆಡವುವ ಮನೆಯಾಯಿತು.

ಕನ್ನಡದ ಮುದ್ರಣಕ್ಕೂ ಇದರ ಬಿಸಿ ತಟ್ಟಿದೆ. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ವರ್ಷಗಟ್ಟಲೆ ಪುಸ್ತಕ, ಸ್ಮರಣ ಸಂಚಿಕೆ, ಲಗ್ನಪತ್ರಿಕೆ ಎಲ್ಲ ತಯಾರಾದದ್ದು ಪೇಜ್‌ಮೇಕರಿನಲ್ಲಿ, ನುಡಿ ಅಥವಾ ಬರಹದ ಹಳೇ ಫಾಂಟುಗಳಲ್ಲಿ. ಪೇಜ್‌ಮೇಕರಿನ ಕೊನೆಯ ಪ್ರಮುಖ ಆವೃತ್ತಿ 7, ಬಂದದ್ದು 2001ರಲ್ಲಿ. ಅದರ ಫೈಲುಗಳನ್ನು ಇನ್‌ಡಿಸೈನ್ ತೆರೀತಿತ್ತು, ಆದರೆ ಸಿಎಸ್6ರ ತನಕ ಮಾತ್ರ. ಅಂದರೆ ಒಮ್ಮೆಲೇ ಕೊಳ್ಳಬಹುದಾಗಿದ್ದ ಕೊನೆಯ ಇನ್‌ಡಿಸೈನೇ ಹಳೇ ಕನ್ನಡ ಪುಟಗಳನ್ನು ತೆರೆಯಬಲ್ಲ ಕೊನೆಯದೂ ಆಗಿತ್ತು. ಈಗ ಚಂದಾ ಕಟ್ಟಿದವರಿಗೂ ಆ ಬಾಗಿಲು ಇಲ್ಲ. ಕೆಲವು ಅಂಗಡಿಗಳಲ್ಲಿ ಇನ್ನೂ ಹಳೇ ಕಂಪ್ಯೂಟರನ್ನು ಜೋಪಾನವಾಗಿ ಇಟ್ಟುಕೊಂಡಿದ್ದರೆ ಅದು ಹಟ ಅಲ್ಲ, ಅನಿವಾರ್ಯ.

ಇಷ್ಟೆಲ್ಲ ಚರ್ಚೆ ಮಾಡಿದ ಮೇಲೆ ನಮಗೆ ಅನಿಸಿದ್ದು ಇದು: ಬಾಡಿಗೆಯೋ ಸ್ವಂತವೋ ಅನ್ನೋದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ, ಫೈಲು ಯಾರದ್ದು? ಬಾಡಿಗೆ ಮನೆ ಬಿಡುವಾಗ ನಮ್ಮ ಟ್ರಂಕು ನಾವು ಎತ್ತಿಕೊಂಡು ಹೋಗ್ತೀವಿ. ಇಲ್ಲಿ ಟ್ರಂಕು ನಮ್ಮದೇ, ಆದರೆ ಅದರ ಬೀಗದ ಕೈ ಮನೆ ಮಾಲೀಕರ ಹತ್ತಿರ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಇದಕ್ಕೆ ಉತ್ತರ ಅಲ್ಲ. ಹಾಸ್ಟೆಲಿನ ಪೆನ್‌ಡ್ರೈವ್‌ಗಳಲ್ಲಿ ಅದು ಓಡಾಡುತ್ತೆ ಅಂತ ಎಲ್ಲರಿಗೂ ಗೊತ್ತು. ಅದು ಕಾನೂನಿಗೆ ವಿರುದ್ಧ, ಜೊತೆಗೆ ವೈರಸ್ ಬರುತ್ತೆ. ಅದನ್ನು ನಂಬಿ ಕಾಕಾನಂಥವರು ಉದ್ಯೋಗ ನಡೆಸೋಕಾಗಲ್ಲ.

ಮುಕ್ತ ತಂತ್ರಾಂಶಗಳು ಉತ್ತರದ ಒಂದು ಭಾಗ. ಕಿಕ್ಯಾಡ್ ಅನ್ನು 1992ರಲ್ಲಿ ಶುರು ಮಾಡಿದವರು ಫ್ರಾನ್ಸಿನ ಒಬ್ಬ ಕಾಲೇಜು ಮೇಷ್ಟ್ರು, ಜಾನ್-ಪಿಯರ್ ಶಾರಾ. ಆಮೇಲೆ ಸರ್ನ್ ಸಂಸ್ಥೆಯೂ ಕೈಜೋಡಿಸಿತು. 2018ರ ಕಿಕ್ಯಾಡ್ 5ರಿಂದ ಈಗಲ್ ಫೈಲುಗಳನ್ನೂ ಅದರಲ್ಲಿ ತೆರೆಯಬಹುದು. ಫ್ರೀಕ್ಯಾಡ್ 1.0 ಬಂದದ್ದು 2024ರ ನವೆಂಬರಿನಲ್ಲಿ. ಅದರಲ್ಲಿ ದೊಡ್ಡ ಅಸೆಂಬ್ಲಿ ಮಾಡುವಾಗ ತಾಳ್ಮೆ ಬೇಕು, ಸುಳ್ಳು ಹೇಳಲ್ಲ. ಪ್ಲೇಸ್‌ಮೆಂಟಿಗೆ ಬರುವ ಕಂಪನಿಗಳು ಕೇಳುವುದೂ ಬೇರೆ ಹೆಸರುಗಳನ್ನೇ. ಆದ್ದರಿಂದ ಅದನ್ನೂ ಕಲೀಬೇಕು, ಇದನ್ನೂ ಕಲೀಬೇಕು.

ನಮ್ಮ ಯಂತ್ರಕ್ಕೆ ನಾವು ಮಾಡಿದ್ದು ಇಷ್ಟು. ಶೇಂಗಾ ತಳಿ ಬದಲಾದರೆ ಕಾಳಿನ ಗಾತ್ರ ಬದಲಾಗುತ್ತೆ, ಜರಡಿಯ ತೂತನ್ನೂ ಬದಲಿಸಬೇಕಾಗುತ್ತೆ. ಎರಡು ವರ್ಷದ ನಂತರ ಕಾಕಾ ಇನ್ನೊಂದು ಯಂತ್ರ ಮಾಡ್ತೀನಿ ಅಂದರೆ ನಮ್ಮ ಲಾಗಿನ್ ಇರಲ್ಲ, ನಾವೂ ಅಲ್ಲಿರಲ್ಲ. ಹಾಗಾಗಿ ಪ್ರತಿ ಪಾರ್ಟನ್ನೂ ಸ್ಟೆಪ್ ಫೈಲಾಗಿ, ಶೀಟ್ ಮೆಟಲ್ ಭಾಗಗಳನ್ನು ಡಿಎಕ್ಸ್‌ಎಫ್ ಆಗಿ, ಮೋಟಾರ್ ಬೋರ್ಡನ್ನು ಗರ್ಬರ್ ಆಗಿ ತೆಗೆದಿಟ್ಟಿದ್ದೀವಿ. ಸ್ಟೆಪ್ ಫೈಲಿನಲ್ಲಿ ಆಕಾರ ಉಳಿಯುತ್ತೆ, ಅದನ್ನು ಕಟ್ಟಿದ ಹಂತಗಳು ಉಳಿಯೋದಿಲ್ಲ. ಸ್ಕೆಚ್‌ಗೆ ಹೋಗಿ ತೂತಿನ ವ್ಯಾಸವನ್ನು 8 ಮಿ.ಮೀ.ನಿಂದ 10 ಮಾಡೋಕಾಗಲ್ಲ. ಅದಕ್ಕೇ ಎಲ್ಲ ಅಳತೆ, ಟಾಲರೆನ್ಸ್ ಇರುವ ಡ್ರಾಯಿಂಗನ್ನು ಪಿಡಿಎಫ್ ಮಾಡಿ, ಯಾವ ಅಳತೆ ಯಾಕೆ ಇಟ್ಟೆವು ಅಂತ ಎರಡು ಪುಟ ಕನ್ನಡದಲ್ಲಿ ಬರೆದು ಸೇರಿಸಿದ್ದೀವಿ. ಕಾಕಾಗೆ ಒಂದು ಪ್ರಿಂಟ್ ಕೊಟ್ಟಿದ್ದೀವಿ, ಒಂದು ಪ್ರತಿ ಡಿಪಾರ್ಟ್‌ಮೆಂಟಿನಲ್ಲಿದೆ.

ಜೂನಿಯರ್‌ಗಳೇ, ಈ ಕೆಲಸಕ್ಕೆ ಒಂದು ಸಂಜೆ ಸಾಕು. ಲೈಸೆನ್ಸ್ ಇನ್ನೂ ನಡೀತಿರುವಾಗಲೇ ಮಾಡಿಕೊಳ್ಳಿ. ನೋ-ಡ್ಯೂ ಫಾರ್ಮಿನಲ್ಲಿ ಇದಕ್ಕೆ ಯಾರೂ ಸಹಿ ಕೇಳಲ್ಲ.