ಉತ್ತರಕ್ಕೊಂದು ತಾರೀಖು

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ ಬಸ್ಸಿಗಾಗಿ ಕಾಯುವವರಿಗೆ ಹೊತ್ತು ಕಳೆಯುವುದು ಕಷ್ಟವಲ್ಲ. ತೆಂಗು ಅಡಕೆಗಳ ಧಾರಣೆ ಒಂದಿಷ್ಟು, ಮಳೆಯ ಸಮಾಚಾರ ಒಂದಿಷ್ಟು, ಊರ ರಾಜಕೀಯ ಒಂದಿಷ್ಟು; ಇವೆಲ್ಲ ಮುಗಿದ ಮೇಲೂ ಬಸ್ಸು ಬಾರದಿದ್ದರೆ ಮೇಷ್ಟ್ರಿದ್ದಾರೆ. “ಎಲ್ಲಿ, ಹೇಳು ನೋಡೋಣ” ಎಂದು ಅವರು ಬಾಯಿ ತೆರೆದರೆಂದರೆ ಎದುರಿಗಿರುವವನು ಶಾಲೆಯ ಹುಡುಗನಾಗಲಿ, ಎಳನೀರು ಮಾರುವವನಾಗಲಿ, ಮಂಡಿಯ ಸಾಹುಕಾರನಾಗಲಿ, ಆ ಕ್ಷಣಕ್ಕೆ ಅವರ ತರಗತಿಯ ವಿದ್ಯಾರ್ಥಿಯೇ ಸರಿ. ಶಿಂಷಾ ನದಿ ಹುಟ್ಟುವುದೆಲ್ಲಿ? ದೇವರಾಯನದುರ್ಗದ ಬೆಟ್ಟದಲ್ಲಿ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರಾರು? ಕುವೆಂಪು. ಉತ್ತರ ಸರಿಯಾಯಿತೆಂದರೆ ಮೇಷ್ಟ್ರ ಮುಖ ಅರಳುವುದು. ತಪ್ಪಾದರೆ ಇನ್ನೂ ಅರಳುವುದು, ಏಕೆಂದರೆ ವಿವರಿಸುವ ಅವಕಾಶ ದೊರೆತಂತಾಯಿತು.

ಅವರ ಮೆಚ್ಚಿನ ಪ್ರಶ್ನೆಯೊಂದುಂಟು. “ಚಂದ್ರಯಾನ–3 ಚಂದ್ರನ ಮೇಲೆ ಇಳಿದದ್ದು ಯಾವಾಗ?” ಎಂದು ಮಕ್ಕಳನ್ನು ಕೇಳುವರು. 2023ರ ಆಗಸ್ಟ್ 23 ಎಂದು ಮಕ್ಕಳು ಒಕ್ಕೊರಲಿನಿಂದ ಕೂಗುವರು. “ಭಲೆ! ಹಾಗಾದರೆ ನಮ್ಮ ಊರಿನ ಹೆಸರಿನಲ್ಲಿ ಚಂದ್ರ ಎಲ್ಲಿದ್ದಾನೆ?” ಈಗ ಮಕ್ಕಳು ಪರಸ್ಪರ ಮುಖ ನೋಡಿಕೊಳ್ಳುವರು. ಸಿ.ಎಸ್. ಪುರವೆಂದರೆ ಚಂದ್ರಶೇಖರಪುರ, ಶಿವನ ಮುಡಿಯಲ್ಲಿದ್ದ ಚಂದ್ರ ಎರಡು ಇಂಗ್ಲಿಷ್ ಅಕ್ಷರಗಳ ಮರೆಯಲ್ಲಿ ಅವಿತುಕೊಂಡಿದ್ದಾನೆ ಎಂದು ತಿಳಿದಾಗ ಅವರಿಗೆ ಆಗುವ ಸಂತೋಷವನ್ನು ನೋಡಿಯೇ ಮೇಷ್ಟ್ರಿಗೆ ಆ ದಿನದ ಕಾಫಿ ರುಚಿಸುವುದು.

ಆದರೆ ಊರಿನವರಿಗೆ ಒಗಟಾಗಿದ್ದುದು ಅವರ ಇನ್ನೊಂದು ಅಭ್ಯಾಸ. ಸರಿಯಾದ ಉತ್ತರ ಹೇಳಿದರೂ ಅವರು ಸುಮ್ಮನಿರುವುದಿಲ್ಲ. “ಯಾವ ಇಸವಿಯ ಮಾತು?” ಎಂದು ಮರುಪ್ರಶ್ನೆ ಹಾಕುವರು. “ಮೇಷ್ಟ್ರಿಗೆ ವಯಸ್ಸಾಯಿತು” ಎಂದು ಕೆಲವರು ನಗುವುದೂ ಉಂಟು.

ಲೋಕದ ಸಂಗತಿಗಳನ್ನು ಕೂಡಿಡುವ ಈ ರುಚಿ ಕನ್ನಡಿಗರಿಗೆ ಹೊಸದೇನೂ ಅಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ವೆಂಬ ಗ್ರಂಥದಲ್ಲಿ ನೆಲದೊಳಗಿನ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಅಡುಗೆ, ಸುಗಂಧದ್ರವ್ಯ, ವಿಷಚಿಕಿತ್ಸೆ, ಪಶುವೈದ್ಯ ಮುಂತಾಗಿ ಒಂದು ಸಂಸಾರ ನಡೆಸಲು ಬೇಕಾದುದನ್ನೆಲ್ಲ ಒಂದೆಡೆ ಸೇರಿಸಿಟ್ಟನು. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನೂ, ಮುಂದೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಒಬ್ಬರೇ ಬರೆದು ಮುಗಿಸಿದರು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟವನ್ನು ಹೊರತಂದಿತು, ಅದು ಬೆಳೆದು 14 ಸಂಪುಟಗಳಾಯಿತು. ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಡಾ. ನಾ. ಸೋಮೇಶ್ವರರು ‘ಥಟ್ ಅಂತ ಹೇಳಿ’ ಕಾರ್ಯಕ್ರಮವನ್ನು ಆರಂಭಿಸಿದಾಗ ಮೇಷ್ಟ್ರಿಗೆ ತಮ್ಮ ಕುಲಬಾಂಧವರೊಬ್ಬರು ಸಿಕ್ಕಂತಾಯಿತು. ಸರಿಯುತ್ತರಕ್ಕೆ ಅಲ್ಲಿ ಹಣವಲ್ಲ, ಪುಸ್ತಕ ಬಹುಮಾನ. ಟೀವಿಯಲ್ಲಿ ಕುಳಿತವರಿಗಿಂತ ಮುಂಚೆ ಮೇಷ್ಟ್ರು ಉತ್ತರ ಕೂಗುವರು, ಒಳಗಿನಿಂದ ಅವರ ಹೆಂಡತಿ, “ನಿಮಗೆ ಯಾರು ಪುಸ್ತಕ ಕೊಡುತ್ತಾರೆ? ಊಟಕ್ಕೆ ಏಳಿ” ಎನ್ನುವರು.

2025ರ ಬೇಸಿಗೆಯಲ್ಲಿ ಅವರ ಮೊಮ್ಮಗಳು ತುಮಕೂರಿನಿಂದ ಬಂದಳು. ಪದವಿ ಮುಗಿಸಿ ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆಯುತ್ತಿದ್ದ ಹುಡುಗಿ. ಎರಡು ಸಲ ಬರೆದು ಎರಡು ಸಲವೂ ಒಂದೆರಡು ಅಂಕಗಳಲ್ಲಿ ಕೆಲಸ ತಪ್ಪಿತ್ತು. ಒಂದು ಅಂಕವೆಂದರೆ ಏನೆಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾತನ ಮನೆಯಲ್ಲಿ ಗಲಾಟೆಯಿಲ್ಲದೆ ಓದಬಹುದೆಂದು ಬಂದವಳು, ಮೂರನೆಯ ದಿನ ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ನಿಧಿಯನ್ನು ಕಂಡಳು: ಹುರಿಯಿಂದ ಹೊಲಿದು ಖಾಕಿ ಕಾಗದ ಹೊದಿಸಿದ ಐದು ದಪ್ಪ ನೋಟ್ ಪುಸ್ತಕಗಳು. ಮೊದಲನೆಯದರ ರಟ್ಟಿನ ಮೇಲೆ ದುಂಡಾದ ಅಕ್ಷರಗಳಲ್ಲಿ ‘ಸಾಮಾನ್ಯ ಜ್ಞಾನ, 1962’ ಎಂದಿತ್ತು. ಮೇಷ್ಟ್ರು ಹೈಸ್ಕೂಲಿನಲ್ಲಿದ್ದಾಗ ಆರಂಭಿಸಿದ್ದು.

ನಡುಮನೆಯಲ್ಲಿ ಕುಳಿತು ಹಾಳೆ ತಿರುವುತ್ತಿದ್ದಂತೆ ಅವಳಿಗೆ ನಗು ತಡೆಯಲಾಗಲಿಲ್ಲ.

“ತಾತ, ನಮ್ಮ ರಾಜ್ಯ ಯಾವುದು? ಮೈಸೂರು! ಜಿಲ್ಲೆಗಳು ಹತ್ತೊಂಬತ್ತು! ಗ್ರಹಗಳು ಒಂಬತ್ತು! ಮೂಲವಸ್ತುಗಳು ನೂರ ಮೂರು! ಅಯ್ಯೋ, ಇದನ್ನು ನೋಡಿ: ಚಂದ್ರನ ಮೇಲೆ ಕಾಲಿಟ್ಟವರು? ಯಾರೂ ಇಲ್ಲ! ಈ ಪುಸ್ತಕ ಓದಿ ಪರೀಕ್ಷೆಗೆ ಹೋದರೆ ಸೊನ್ನೆಯೇ ಗತಿ.”

ಮೇಷ್ಟ್ರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿದರು. ಅವರೂ ನಗುವರೆಂದು ಅವಳು ನಿರೀಕ್ಷಿಸಿದ್ದಳು. ಅವರು ನಗಲಿಲ್ಲ.

“ಅವೆಲ್ಲ ಬರೆದ ದಿನ ಸರಿಯಾಗಿಯೇ ಇದ್ದವು, ಮಗೂ” ಎಂದಷ್ಟೇ ಹೇಳಿದರು.

ಹುಡುಗಿ ಸೂಕ್ಷ್ಮಮತಿ. ಸುಮ್ಮನೆ ಮುಂದಿನ ಪುಸ್ತಕಗಳನ್ನು ತಿರುವಿದಳು. ಆಗ ಅವಳಿಗೊಂದು ವಿಚಿತ್ರ ಕಾಣಿಸಿತು. ಮೊದಲ ಮೂರು ಪುಸ್ತಕಗಳಲ್ಲಿ ಪ್ರಶ್ನೆಯುಂಟು, ಉತ್ತರವುಂಟು; ಮತ್ತೇನೂ ಇಲ್ಲ. ನಾಲ್ಕನೆಯ ಪುಸ್ತಕದ ನಡುವಿನಿಂದ ಪ್ರತಿಯೊಂದು ಉತ್ತರದ ಪಕ್ಕದಲ್ಲಿಯೂ ಒಂದು ತಾರೀಖು. ‘ಗ್ರಹಗಳು ಎಂಟು, 2006, ಆಗಸ್ಟ್.’ ಪ್ಲೂಟೋ ಗ್ರಹಗಳ ಪಂಕ್ತಿಯಿಂದ ಎದ್ದು ಹೋದ ತಿಂಗಳು ಅದು. ‘ಭಾರತದ ರಾಜ್ಯಗಳು 29; 2014, ಜೂನ್.’ ಅದರ ಕೆಳಗೆ, ‘28, 2019, ಅಕ್ಟೋಬರ್.’ ‘ತುಮಕೂರು ಇಂಗ್ಲಿಷಿನಲ್ಲಿಯೂ ತುಮಕೂರು ಆಯಿತು, 2014, ನವೆಂಬರ್ 1.’ ‘ಎವರೆಸ್ಟ್ 8,848.86 ಮೀಟರು, 2020, ಡಿಸೆಂಬರ್.’ ಪರ್ವತದ ಎತ್ತರಕ್ಕೂ ತಾರೀಖು! ಹಾಗೆ ನೋಡಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. 1856ರಲ್ಲಿ ಅದೇ ಪರ್ವತವನ್ನು 29,002 ಅಡಿ ಎಂದು ಸಾರಿದ್ದರು. 1955ರ ಅಳತೆಯಲ್ಲಿ ಅದು 29,028 ಅಡಿಯಾಯಿತು. ಅಳೆಯುವ ಉಪಕರಣವೂ ವಿಧಾನವೂ ಸುಧಾರಿಸಿದಂತೆಲ್ಲ ಉತ್ತರ ತಿದ್ದಿಕೊಳ್ಳುತ್ತ ಬಂದಿದೆ.

ತಾರೀಖು ಮೊದಲಾಗುವ ಹಾಳೆಯ ಸಂದಿನಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದವಿತ್ತು. ಬಿಡಿಸಿದರೆ, ಯಾವನೋ ಹುಡುಗನ ಕಿರುಪರೀಕ್ಷೆಯ ಉತ್ತರಪತ್ರಿಕೆ. ಅಕ್ಷರ ಅಂಕುಡೊಂಕು. ‘ನಮ್ಮ ರಾಜ್ಯದಲ್ಲಿ ಎಷ್ಟು ಜಿಲ್ಲೆಗಳಿವೆ?’ ಎಂಬುದರ ಮುಂದೆ ‘27’ ಎಂದು ಬರೆದಿತ್ತು. ಅದರ ಮೇಲೆ ಕೆಂಪು ಮಸಿಯ ಗೀಟು, ಪಕ್ಕದಲ್ಲಿ ದೊಡ್ಡದಾದ ಸೊನ್ನೆ.

“ಇದು ಯಾರದು, ತಾತ?”

ಮೇಷ್ಟ್ರು ಬಹಳ ಹೊತ್ತು ಮಾತನಾಡಲಿಲ್ಲ. ಬಸ್ಸು ನಿಲ್ದಾಣದಲ್ಲಿ ಮಾತಿಗೆ ತಡವರಿಸದ ಮನುಷ್ಯ ಮಾತು ಹುಡುಕುತ್ತಿದ್ದರು.

1997ರ ಮಾತು ಅದು. ಜೆ.ಎಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ ಆ ವರ್ಷದ ಆಗಸ್ಟ್‌ನಲ್ಲಿ ಬಾಗಲಕೋಟೆ, ಚಾಮರಾಜನಗರ, ದಾವಣಗೆರೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ ಎಂಬ ಏಳು ಹೊಸ ಜಿಲ್ಲೆಗಳು ಹುಟ್ಟಿದವು, ಇಪ್ಪತ್ತಿದ್ದುದು ಇಪ್ಪತ್ತೇಳಾಯಿತು. ಮೇಷ್ಟ್ರು ಆಗ ಆ ಸೀಮೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಅವರ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಬೆಳಗಿನ ಜಾವ ಹೋಟೆಲಿನಲ್ಲಿ ಲೋಟ ತೊಳೆದು, ಒದ್ದೆ ಅಂಗಿಯಲ್ಲಿಯೇ ಶಾಲೆಗೆ ಬರುವನು. ಮನೆಯಲ್ಲಿ ಪುಸ್ತಕವಿಲ್ಲ, ಹೋಟೆಲಿಗೆ ಬರುವ ದಿನಪತ್ರಿಕೆಯೇ ಅವನ ಪಾಠ. ಗಿರಾಕಿಗಳು ಬಿಟ್ಟುಹೋದ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುವನು. ತರಗತಿಯಲ್ಲಿ ಯಾವ ಪ್ರಶ್ನೆ ಬಂದರೂ ಮೊದಲು ಏಳುವ ಕೈ ಅವನದು.

ಆ ಕಿರುಪರೀಕ್ಷೆಯಲ್ಲಿ ಅವನೊಬ್ಬನು 27 ಎಂದು ಬರೆದನು. ಉಳಿದವರೆಲ್ಲರೂ ಪಠ್ಯಪುಸ್ತಕದಲ್ಲಿದ್ದಂತೆ 20 ಎಂದು ಬರೆದಿದ್ದರು. ಹುಡುಗ ಎದ್ದುನಿಂತು, “ಪೇಪರಿನಲ್ಲಿ ಬಂದಿದೆ, ಸಾರ್” ಎಂದನು. ಮೇಷ್ಟ್ರು, “ಪರೀಕ್ಷೆಯಲ್ಲಿ ಪುಸ್ತಕದ ಉತ್ತರವೇ ಉತ್ತರ. ಪೇಪರು ಓದುವುದು ಬಿಟ್ಟು ಪುಸ್ತಕ ಓದು” ಎಂದರು. ತರಗತಿಯೆಲ್ಲ ನಕ್ಕಿತು. ಹುಡುಗ ಉತ್ತರಪತ್ರಿಕೆಯನ್ನು ಮೇಜಿನ ಮೇಲೆಯೇ ಬಿಟ್ಟು ಹೋಗಿ ಕುಳಿತನು.

“ನಿಮಗೆ ಹೊಸ ಜಿಲ್ಲೆಗಳ ಸಂಗತಿ ಗೊತ್ತಿರಲಿಲ್ಲವೆ?” ಎಂದಳು ಮೊಮ್ಮಗಳು.

“ಗೊತ್ತಿತ್ತು. ಅದೇ ಕಷ್ಟ. ಗೊತ್ತಿಲ್ಲದೆ ಹಾಕಿದ ಸೊನ್ನೆಯಾಗಿದ್ದರೆ ಇಷ್ಟು ವರ್ಷ ಇಟ್ಟುಕೊಳ್ಳುತ್ತಿರಲಿಲ್ಲ. ಅದೇ ಪೇಪರನ್ನು ನಾನೂ ಓದಿದ್ದೆ. ದೊಡ್ಡ ಪರೀಕ್ಷೆಯಲ್ಲಿ ಅಂಕ ಹೋದೀತೆಂದು ಹೆದರಿದೆ. ಎಲ್ಲರ ಮುಂದೆ ಒಬ್ಬ ಹುಡುಗ ಪುಸ್ತಕವನ್ನು ತಿದ್ದಿದನಲ್ಲ ಎಂಬ ಬಿಗುಮಾನವೂ ಇತ್ತು. ಆಮೇಲೆ ಅವನು ಪರೀಕ್ಷೆಗಳಲ್ಲಿ ತೇರ್ಗಡೆಯಾದ, ಅದೇನೂ ತೊಂದರೆಯಾಗಲಿಲ್ಲ. ಆದರೆ ನನ್ನ ತರಗತಿಯಲ್ಲಿ ಮತ್ತೆ ಒಂದು ದಿನವೂ ಕೈ ಎತ್ತಲಿಲ್ಲ.”

ಆ ರಾತ್ರಿಯೇ ಅವರು ನಾಲ್ಕನೆಯ ಪುಸ್ತಕದಲ್ಲಿ ‘27’ ಎಂದು ಬರೆದು, ಪಕ್ಕದಲ್ಲಿ ತಿಂಗಳು ಇಸವಿಗಳನ್ನು ಸೇರಿಸಿದರು. ಅಂದಿನಿಂದ ತಾರೀಖಿಲ್ಲದ ಉತ್ತರವನ್ನು ಅವರು ಬರೆದಿಲ್ಲ, ಒಪ್ಪಿಲ್ಲ. ಮುಂದೆ 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರಗಳು ಸೇರಿ 29 ಆಯಿತು, ಯಾದಗಿರಿಯಿಂದ 30, 2021ರಲ್ಲಿ ವಿಜಯನಗರದಿಂದ 31. ಒಂದೊಂದು ಸಲ ತಿದ್ದುವಾಗಲೂ ಹಳೆಯದನ್ನು ಹೊಡೆದುಹಾಕದೆ ಅದರ ಕೆಳಗೆ ಹೊಸದನ್ನು ಬರೆದರು. ಹಾಗೆ ಬರೆದುದರಿಂದ ತಪ್ಪುಗಳ ಪಟ್ಟಿಯಾಗಬಹುದಾಗಿದ್ದ ಪುಸ್ತಕ ನಾಡಿನ ಕತೆಯಾಯಿತು. ಹತ್ತೊಂಬತ್ತರಿಂದ ಮೂವತ್ತೊಂದರವರೆಗೆ ಕಣ್ಣಾಡಿಸಿದರೆ, ವಿಶಾಲ ಮೈಸೂರು ಉದಯಿಸಿದ 1956ರಿಂದ ಇತ್ತ, ಜಿಲ್ಲಾ ಕಚೇರಿಯೊಂದು ಜನರ ಮನೆಬಾಗಿಲಿಗೆ ಹೇಗೆ ಸ್ವಲ್ಪ ಸ್ವಲ್ಪವೇ ಹತ್ತಿರವಾಯಿತೆಂಬುದು ಅದರಲ್ಲಿ ಕಾಣುತ್ತದೆ.

ಅವರ ಸ್ವಂತ ತಾಲ್ಲೂಕಿನ ಪುಟವೂ ಹಾಗೆಯೇ. ‘ಗುಬ್ಬಿ ಯಾವುದಕ್ಕೆ ಪ್ರಸಿದ್ಧ?’ ಎಂಬ ಪ್ರಶ್ನೆಗೆ ಬಾಲಕನ ಅಕ್ಷರದಲ್ಲಿ ‘ನಾಟಕ ಕಂಪನಿಗೆ’ ಎಂದಿದೆ. 1884ರಲ್ಲಿ ಹುಟ್ಟಿ, ವೀರಣ್ಣನವರ ಕೈಯಲ್ಲಿ ಬೆಳೆದು, ರಂಗದ ಮೇಲೆ ನಿಜವಾದ ಆನೆಯನ್ನೇ ತಂದು ನಿಲ್ಲಿಸಿದ ಕಂಪನಿ ಅದು. ಅದರ ಕೆಳಗೆ ಮುದುಕನ ನಡುಗುವ ಅಕ್ಷರದಲ್ಲಿ, ‘ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ, ಶಂಕುಸ್ಥಾಪನೆ 2016, ಜನವರಿ, ಲೋಕಾರ್ಪಣೆ 2023, ಫೆಬ್ರವರಿ 6’ ಎಂದಿದೆ. ಎರಡರಲ್ಲಿ ಯಾವುದು ಸರಿ? ಎರಡೂ ಸರಿ, ನಡುವಿನ ಕಾಲವನ್ನು ಅಳಿಸದಿದ್ದರೆ.

ಸಂಜೆಯವರೆಗೂ ತಾತ ಮೊಮ್ಮಗಳು ಆ ಪುಸ್ತಕಗಳನ್ನು ಬಿಟ್ಟು ಏಳಲಿಲ್ಲ. ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಸುದ್ದಿ ಆಗಷ್ಟೇ ಬಂದಿತ್ತು. ಮೊಮ್ಮಗಳು ಐದನೆಯ ಪುಸ್ತಕದಲ್ಲಿ ತನ್ನ ಕೈಯಿಂದಲೇ ಅದನ್ನು ಬರೆದು, ಅನುವಾದಕಿ ದೀಪಾ ಭಾಸ್ತಿಯವರ ಹೆಸರನ್ನೂ ಸೇರಿಸಿ, ‘2025, ಮೇ’ ಎಂದು ತಾರೀಖು ಹಾಕಿದಳು. ಬಳಿಕ ಸ್ವಲ್ಪ ತಡೆದು ಕೇಳಿದಳು:

“ಆ ಹುಡುಗ ಈಗ ಎಲ್ಲಿದ್ದಾನೆ, ತಾತ?”

“ಬೆಂಗಳೂರಿನಲ್ಲಿ. ಊರ ಜಾತ್ರೆಗೆ ಬರುತ್ತಾನೆ. ಕಂಡಾಗಲೆಲ್ಲ ಕೈಮುಗಿದು ‘ಚೆನ್ನಾಗಿದ್ದೀರಾ ಸಾರ್’ ಎನ್ನುತ್ತಾನೆ. ಈ ಊರಿನಲ್ಲಿ ನಾನು ಪ್ರಶ್ನೆ ಕೇಳದ ಮನುಷ್ಯ ಅವನೊಬ್ಬನೇ.”

ಹುಡುಗಿ ಉತ್ತರಪತ್ರಿಕೆಯನ್ನು ಅವರ ಮುಂದೆ ಹರಡಿದಳು. “ಎಲ್ಲದಕ್ಕೂ ತಾರೀಖು ಹಾಕಿದ್ದೀರಿ. ಈ ಸೊನ್ನೆಗೆ ಮಾತ್ರ ಹಾಕಿಲ್ಲ.”

ಮೇಷ್ಟ್ರು ಅವಳ ಕೈಯಿಂದ ಪೆನ್ನು ತೆಗೆದುಕೊಂಡರು. ಸೊನ್ನೆಯನ್ನು ಅಳಿಸಲಿಲ್ಲ, ಅದು ಇದ್ದಂತೆಯೇ ಇರಲೆಂದು ಅದರ ಕೆಳಗೆ ‘1’ ಎಂದು ಬರೆದು, ಪಕ್ಕದಲ್ಲಿ ಅಂದಿನ ತಾರೀಖು ಹಾಕಿ, ರುಜು ಮಾಡಿದರು. ಕಾಗದವನ್ನು ಮತ್ತೆ ಪುಸ್ತಕದೊಳಗೆ ಇಡದೆ ಮಡಿಸಿ ಅಂಗಿಯ ಜೇಬಿಗೆ ಸೇರಿಸಿದರು. ಜಾತ್ರೆ ಇನ್ನೂ ದೂರವಿತ್ತು.

ಮರುದಿನ ಬಸ್ಸು ಎಂದಿನಂತೆ ತಡ. ಮೇಷ್ಟ್ರು ಎಳನೀರಿನವನ ಮುಂದೆ ನಿಂತು, “ಎಲ್ಲಿ, ಹೇಳು ನೋಡೋಣ, ಕರ್ನಾಟಕದಲ್ಲಿ ಜಿಲ್ಲೆಗಳೆಷ್ಟು?” ಎಂದರು.

ಅವನು ಮಚ್ಚಿನಿಂದ ಕಾಯಿಯ ತಲೆ ಕೆತ್ತುತ್ತ, ತಲೆಯೆತ್ತದೆಯೇ ಕೇಳಿದನು: “ಯಾವ ಇಸವಿಯ ಮಾತು, ಮೇಷ್ಟ್ರೇ?”

ಮೇಷ್ಟ್ರು ಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡು, ಗಟ್ಟಿಯಾಗಿ ನಕ್ಕರು.